ಕುರುಡು ಮಗ್ಗುಲು

ಬೀರು ತೆರೆದರೆ ಅರಗಿನ ವಾಸನೆ. ಮರದ ಮೀನು ಮತ್ತೆ ಬಿಳಿ ಮಗ್ಗುಲು ಮೇಲೆ ಮಾಡಿ ಮಲಗಿತ್ತು. ನಿನ್ನೆ ತಾನೇ ಕಣ್ಣು ಮೇಲಿರುವಂತೆ ಇಟ್ಟಿದ್ದೆ. ಮನೆಯಲ್ಲಿರುವವಳು ನಾನೊಬ್ಬಳೇ. ನಗಬೇಡಿ, ಬೀರುವಿನ ಬಾಗಿಲು ಹಿಡಿದೇ ಒಮ್ಮೆ ಹಿಂದೆ ತಿರುಗಿ ನೋಡಿದೆ.

ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ನನ್ನದು ಕಣ್ಣು ಬರೆಯುವ ಕೆಲಸವಾಗಿತ್ತು. ಆನೆಗಾಗಲಿ ಅಳಿಲಿಗಾಗಲಿ ಆ ಕಡೆಗೊಂದು, ಈ ಕಡೆಗೊಂದು. ನನ್ನ ವಿದ್ಯೆ ಅಷ್ಟೇ. ಒಮ್ಮೆ ಹೊರದೇಶದಿಂದ ಹ್ಯಾಲಿಬಟ್ ಎಂಬ ಮೀನಿಗೆ ಆರ್ಡರ್ ಬಂತು. ಮಂಗಳೂರಿನಿಂದ ನಮ್ಮ ಮಾರ್ಕೆಟ್ಟಿಗೆ ಬರುತ್ತದಲ್ಲ ಚಪ್ಪಟೆ ನಂಗು ಮೀನು, ಅದರ ದೂರದ ನೆಂಟ. ಬೆಳೆದರೆ ಆಳುದ್ದ ಮೀರುತ್ತದಂತೆ. ಮರಿಯಾಗಿದ್ದಾಗ ಎಲ್ಲ ಮೀನಿನಂತೆ ನೆಟ್ಟಗೆ ಈಜುತ್ತದೆ, ಎರಡು ಕಡೆಯೂ ಕಣ್ಣಿರುತ್ತದೆ. ಬೆಳೆಯುತ್ತ ಎಡಗಣ್ಣು ನೆತ್ತಿ ದಾಟಿ ಬಲಗಡೆಗೆ ಬಂದು ಕೂರುತ್ತದೆ. ಆಮೇಲೆ ಕಣ್ಣಿಲ್ಲದ ಬಿಳಿ ಮಗ್ಗುಲನ್ನು ಕೆಳಗೆ ಹಾಕಿ, ಕಡಲ ತಳದಲ್ಲಿ ಮರಳಿನ ಬಣ್ಣಕ್ಕೆ ತಿರುಗಿ ಬದುಕಿಡೀ ಮಲಗಿರುತ್ತದೆ.

ಮಾದರಿ ಕಡೆದವರು ನಮ್ಮ ಉಸ್ತಾದರು, ಮರ ಕಡೆಯುವ ಲೇತಿನ ಮುಂದೆಯೇ ತಲೆ ನರೆತವರು. ನಾನು ಬಲಕ್ಕೆ ಎರಡೂ ಕಣ್ಣು ಬರೆದು ಕೊಟ್ಟೆ. ಅವರು ಮೀನನ್ನು ಮಗುಚಿದರು.

"ಈ ಕಡೇಗೂ ಒಂದು ಕಣ್ಣಿಕ್ಕು ಬೇಟಿ."

"ಅಯ್ಯೋ, ಆರ್ಡರ್ ವಾಪಸ್ ಬತ್ತದೆ ಉಸ್ತಾದ್!"

"ಅದರ ಕೆಳಗೆ ಏನ್ ಹರಿದಾಡ್ತೈತೆ ಅಂತ ನೋಡೋರ್ಯಾರು?"

ನಾನು ನಕ್ಕುಬಿಟ್ಟೆ. ನಾನು ಕಣ್ಣು ಮೇಲೆ ಮಾಡಿಡುವುದು, ಅವರು ಮಗುಚುವುದು, ದಿನವೂ ಇದೇ ನಡೆಯಿತು.

ಒಂದು ಮಧ್ಯಾಹ್ನ ಅವರ ಎಡಗಡೆಯಿಂದ ಟೀ ಲೋಟ ಚಾಚಿದೆ. ಉಳಿ ಹಿಡಿದ ಅವರ ಕೈ ಸೀದಾ ನನ್ನ ಬೆರಳಿನತ್ತಲೇ ಬಂತು. ಕೂದಲೆಳೆಯಲ್ಲಿ ತಪ್ಪಿತು. ಲೋಟ ಬಿದ್ದು ಒಡೆಯಿತು. ಅವರ ಎಡಗಣ್ಣು ಪೂರ್ತಿ ಹೋಗಿದೆ ಎಂದು ಆಗಲೇ ನನಗೆ ಗೊತ್ತಾದದ್ದು.

"ಮಾಲೀಕರಿಗೆ ಹೇಳ್ಬ್ಯಾಡ ಬೇಟಿ. ಲೇತ್ ಬುಟ್ರೆ ನಂಗೆ ಬ್ಯಾರೆ ಏನ್ ಬತ್ತದೆ?" ಅಂದವರು ದನಿ ತಗ್ಗಿಸಿದರು. "ಆ ಕಡೆ ಬರೀ ಕತ್ತಲೆ ಅಲ್ಲ. ಯಾರೋ ಕೂತವ್ರೆ. ನನ್ನೇ ನೋಡ್ತಾವ್ರೆ."

ಅಲ್ಲಿ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಮರುದಿನ ನನ್ನ ಮಣೆಯನ್ನು ಅದೇ ಜಾಗಕ್ಕೆ ಎಳೆದುಕೊಂಡೆ. ಎಡಗಡೆಯಿಂದ ಯಾರೇ ಬಂದರೂ ಅವರಿಗೆ ಗೊತ್ತಾಗಲೆಂದು ಒಮ್ಮೆ ಕೆಮ್ಮುತ್ತಿದ್ದೆ. ಸುಳ್ಳೇಕೆ, ಅಲ್ಲಿ ಕೂತಷ್ಟು ದಿನ ನನ್ನ ಪಕ್ಕದಲ್ಲಿ ಇನ್ನೊಬ್ಬರು ಉಸಿರಾಡಿದಂತೆ ಅನಿಸುತ್ತಿತ್ತು, ಹೆದರಿಕೆಯಾಗುತ್ತಿತ್ತು. ಆದರೂ ಜಾಗ ಬಿಡಲಿಲ್ಲ. ಉಸ್ತಾದರು ಹತ್ತು ಬೆರಳನ್ನೂ ಉಳಿಸಿಕೊಂಡು ಕೆಲಸ ಬಿಟ್ಟರು. ಬಿಡುವ ದಿನ ಆ ಮಾದರಿ ಮೀನನ್ನು ನನ್ನ ಕೈಗಿಟ್ಟರು. ಹೋದ ವರ್ಷ ತೀರಿಕೊಂಡರು.

ಇವತ್ತು ಮೀನನ್ನು ಮಗುಚಲು ಎತ್ತಿದಾಗ ಹೆಬ್ಬೆರಳು ಬಿಳಿ ಮಗ್ಗುಲಿನ ಮೇಲೆ ತಡವರಿಸಿ ನಿಂತಿತು. ಅಲ್ಲೊಂದು ಸಣ್ಣ ಗುಳಿ, ಅದರ ಸುತ್ತ ಉಳಿಯ ಮೊನೆಯಲ್ಲಿ ಎಳೆದ ದುಂಡು ಗೆರೆ. ಅದರ ಮೇಲೂ ಬಿಳಿ ಅರಗು ಬಳಿದಿದ್ದರಿಂದ ಇಷ್ಟು ವರ್ಷ ಕಂಡಿರಲಿಲ್ಲ. ನಾನು ಬರೆಯಲೊಲ್ಲದ ಕಣ್ಣನ್ನು ಅವರೇ ಕೆತ್ತಿದ್ದರು.

ಮೀನನ್ನು ಮಗುಚಿದ್ದು ಯಾರು ಎಂದು ಕೇಳಿಕೊಳ್ಳುವ ಧೈರ್ಯ ಈಗಲೂ ಇಲ್ಲ. ಅದನ್ನು ಹಾಗೆಯೇ ಬಿಳಿ ಮಗ್ಗುಲು ಮೇಲೆ ಮಾಡಿ ಇಟ್ಟೆ. ಮಣೆಯೊಂದನ್ನು ಬೀರುವಿನ ಎಡಕ್ಕೆ ಎಳೆದು ಕೂತು, ಒಮ್ಮೆ ಕೆಮ್ಮಿದೆ.