ನಡುಗೋಡೆಯ ಮೇಲೆ ನಿಂತವರು

ಕೊರೊನಾ ಕಾಟ ತಣ್ಣಗಾದ ಮರುವರ್ಷದ ಬೇಸಿಗೆಯಲ್ಲಿ ನಾನು ಇಳಕಲ್ ಭಾಗದಲ್ಲಿ ಅಗ್ನಿಶಾಮಕ ಠಾಣಾಧಿಕಾರಿಯಾಗಿದ್ದೆ. ನಿವೃತ್ತಿಗೆ ಇನ್ನು ಎರಡು ವರ್ಷ ಉಳಿದಿತ್ತು. ಬಾದಾಮಿ, ಹುನಗುಂದ, ಬಾಗಲಕೋಟೆ ಎಂದು ಇದೇ ಜಿಲ್ಲೆಯೊಳಗೆ ಸುತ್ತಾಡಿಯೇ ನನ್ನ ಸರ್ವಿಸಿನ ಬಹುಭಾಗ ಕಳೆದಿತ್ತು. ಬಣವೆಗೆ ಬಿದ್ದ ಬೆಂಕಿ, ಹತ್ತಿ ಮಿಲ್ಲಿನ ಬೆಂಕಿ, ಬಾವಿಗೆ ಬಿದ್ದ ಎಮ್ಮೆ, ಎಲ್ಲವನ್ನೂ ನೋಡಿಯಾಗಿತ್ತು. ಮೂರರಲ್ಲಿ ಎಮ್ಮೆಯೇ ಕಷ್ಟ, ಏಕೆಂದರೆ ಅದು ಮೇಲೆತ್ತಲು ಬಂದವರನ್ನೇ ಹಾಯುತ್ತದೆ. ಆದರೆ ನೌಕರಿಯ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಇಳಕಲ್ಲಿನ ಹಳೆಯ ಪೇಟೆಯ ಒಂದು ನೇಕಾರರ ಓಣಿ.

ಅಂಥ ಓಣಿಗಳ ಬಗ್ಗೆ ಆಗ ನನಗಿದ್ದ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅವನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನಾನು ಹುಟ್ಟಿದ್ದು ಹಳೆಯ ಬಾಗಲಕೋಟೆಯ ಇಂಥದೇ ಒಂದು ಓಣಿಯಲ್ಲಿ, ಮನೆಗೆ ಮನೆ ಅಂಟಿಕೊಂಡ ಸಾಲಿನಲ್ಲಿ. ಆ ಓಣಿಯ ಮೇಲೆ ಈಗ ಆಲಮಟ್ಟಿಯ ಹಿನ್ನೀರು ನಿಂತಿದೆ. ನಮಗೆ ನವನಗರದಲ್ಲಿ ಸೈಟು ಕೊಟ್ಟರು. ಅಲ್ಲಿ ಅಗಲ ರಸ್ತೆ, ಪ್ರತಿ ಮನೆಯ ಸುತ್ತ ಸೆಟ್‌ಬ್ಯಾಕ್, ಅಂದರೆ ಕಟ್ಟಡಕ್ಕೂ ಕಂಪೌಂಡಿಗೂ ನಡುವೆ ಕಾನೂನಿನ ಪ್ರಕಾರ ಬಿಡಬೇಕಾದ ಖಾಲಿ ಜಾಗ. ಅಗ್ನಿಶಾಮಕದವನಿಗೆ ಇದಕ್ಕಿಂತ ಸುಖದ ಊರು ಬೇರೆ ಬೇಕೆ ಎಂದು ನಾನು ಹೇಳುತ್ತಿದ್ದೆ. ನನ್ನ ಹೆಂಡತಿ ಮಾತ್ರ ಒಪ್ಪುತ್ತಿರಲಿಲ್ಲ. "ಇಲ್ಲೆ ಒಂದು ವಾಟಗ ಸಕ್ಕರಿ ಇಸಗೋಬೇಕಂದ್ರೂ ಚಪ್ಪಲಿ ಮೆಟಗೊಂಡು, ಎರಡು ಗೇಟು ದಾಟಿ ಹೋಗ್ಬೇಕು" ಎನ್ನುತ್ತಿದ್ದಳು. ಸಕ್ಕರೆಗಿಂತ ಸುರಕ್ಷತೆ ದೊಡ್ಡದು ಎಂದು ನಾನು ಭಾಷಣ ಬಿಗಿಯುತ್ತಿದ್ದೆ.

ಇನ್ನು ಆ ಓಣಿಯ ಕಟ್ಟಡದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದೇ ಸಾಲಿನಲ್ಲಿ ಹನ್ನೊಂದು ಮನೆ. ಎರಡು ಮನೆಗಳ ನಡುವೆ ಎರಡು ಗೋಡೆ ಇಲ್ಲ, ಒಂದೇ ಗೋಡೆ. ಕಲ್ಲು, ಮಣ್ಣಿನಿಂದ ಕಟ್ಟಿದ, ಎರಡೂವರೆ ಅಡಿ ದಪ್ಪದ ಗೋಡೆ. ಈ ಮನೆಯ ತೊಲೆಯ ತುದಿ ಮತ್ತು ಪಕ್ಕದ ಮನೆಯ ತೊಲೆಯ ತುದಿ ಗೋಡೆಯೊಳಗಿನ ಒಂದೇ ಗೂಡಿನಲ್ಲಿ ಎದುರುಬದುರಾಗಿ ಕೂತಿರುತ್ತವೆ. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆಯ ಹಾಸು, ಅದರ ಮೇಲೆ ಒಂದೂವರೆ ಅಡಿ ಮಣ್ಣು. ಜನ ನಡೆದಾಡುವ ಈ ಮಣ್ಣಿನ ಚಾವಣಿಗೇ ಇಲ್ಲಿ ಮಾಳಿಗೆ ಎನ್ನುತ್ತಾರೆ. ಬೇಸಿಗೆಯಲ್ಲಿ ಒಳಗೆ ತಂಪು. ನಮ್ಮ ಇಲಾಖೆಯ ಕಣ್ಣಿಗೆ ಮಾತ್ರ ಅದು ಬೆಂಕಿಯ ಸುರಂಗ. ಒಂದು ಮನೆಯ ತೊಲೆಗೆ ಹತ್ತಿದ ಕೆಂಡ ಗೋಡೆಯ ಗೂಡಿನ ಮೂಲಕ ಪಕ್ಕದ ಮನೆಯ ತೊಲೆಗೆ ದಾಟುತ್ತದೆ. ಮೇಲೆ ಮಣ್ಣು ಇರುವುದರಿಂದ ಹೊರಗಿನವರಿಗೆ ಕಾಣುವುದಿಲ್ಲ, ನೀರೂ ಅಲ್ಲಿಗೆ ತಲುಪುವುದಿಲ್ಲ.

ಕರೆ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಸಾಲಿನ ಮೂರನೆಯ ಮನೆ, ಮಹಾಂತಪ್ಪ ಎಂಬುವವನದು. ಕೈಮಗ್ಗ ಬಿಟ್ಟು ಪವರ್‌ಲೂಮಿಗೆ ನೂಲು ಸರಬರಾಜು ಮಾಡುವ ವ್ಯಾಪಾರಕ್ಕೆ ಇಳಿದಿದ್ದ. ಪಡಸಾಲೆಯ ತುಂಬ ನೂಲಿನ ಗಂಟು. ವೈರಿಂಗಿನಲ್ಲಿ ಕಿಡಿ ಹಾರಿ ಗಂಟುಗಳಿಗೆ ಹೊತ್ತಿಕೊಂಡಿತ್ತು. ನಮ್ಮ ವಾಟರ್ ಟೆಂಡರ್, ಅಂದರೆ ನೀರಿನ ಟ್ಯಾಂಕು ಹೊತ್ತ ಗಾಡಿ, ಓಣಿಯ ಬಾಯಲ್ಲೇ ನಿಂತಿತು. ಮನೆಗಳ ಮುಂದಿನ ಕಟ್ಟೆಗಳು ಅದನ್ನು ಒಳಗೆ ಬಿಡಲಿಲ್ಲ. ಹೋಸ್ ಪೈಪುಗಳನ್ನು ಒಂದಕ್ಕೊಂದು ಜೋಡಿಸಿಕೊಂಡು ಓಡಿದೆವು.

"ಒಳಗ ಯಾರರ ಅದಾರೇನು?" ಎಂದು ಕೂಗಿದೆ.

"ಇಲ್ರಿ ಸಾಹೇಬ್ರ, ಎಲ್ಲಾರೂ ಮಾಳಗಿ ಮ್ಯಾಲಿಂದ ದಾಟಿ ಹೋಗ್ಯಾರ" ಎಂದ ಮಹಾಂತಪ್ಪ. ಮುಖ ಮಸಿಯಾಗಿತ್ತು. ಹೆಂಡತಿ, ಮಕ್ಕಳು ಹಿತ್ತಲ ಮೆಟ್ಟಿಲು ಹತ್ತಿ, ಮಾಳಿಗೆಯಿಂದ ಮಾಳಿಗೆಗೆ ನಡೆದು, ಓಣಿಯ ಆ ತುದಿಯಲ್ಲಿ ಇಳಿದಿದ್ದರಂತೆ.

ನಮ್ಮ ಲೀಡಿಂಗ್ ಫೈರ್‌ಮನ್ ರಫೀಕ ಬಾಗಿಲಿನಿಂದ ನೀರು ಬಿಡಲು ಶುರುಮಾಡಿದ. ನಾನು ಪಕ್ಕದ ಮನೆಯ ಮೆಟ್ಟಿಲಿನಿಂದ ಮೇಲೆ ಹತ್ತಿದೆ. ಮಾಳಿಗೆಯ ಮೇಲೆ ಮೂವತ್ತು ನಲವತ್ತು ಜನ. ಕೊಡ, ಬಕೆಟ್ಟುಗಳಲ್ಲಿ ನೀರು ತಂದು ಮಣ್ಣಿನ ಮೇಲೆ ಸುರಿಯುತ್ತಿದ್ದಾರೆ. ಮಣ್ಣಿನ ಮಾಳಿಗೆ ನೀರು ಕುಡಿದರೆ ಭಾರ ಹೆಚ್ಚುತ್ತದೆ, ಕೆಳಗೆ ತೊಲೆ ಸುಡುತ್ತಿದ್ದರೆ ಇಡೀ ಮಾಳಿಗೆ ಜನರ ಸಮೇತ ಕುಸಿಯುತ್ತದೆ. "ನೀರು ಹಾಕಬ್ಯಾಡ್ರಿ, ಎಲ್ಲಾರೂ ಹಿಂದ ಸರೀರಿ" ಎಂದು ಗದರಿದೆ. ಸರಿದರು. ಸರಿಯುತ್ತಿರುವಾಗಲೇ ಮಹಾಂತಪ್ಪನ ಮಾಳಿಗೆ ನಡುಗೋಡೆಯ ಪಕ್ಕದಲ್ಲಿ ದೊಪ್ಪೆಂದು ಕುಸಿದು, ಎತ್ತಿನ ಗಾಡಿಯಷ್ಟು ಅಗಲದ ಬಾಯಿ ತೆರೆಯಿತು. ಅದರೊಳಗಿಂದ ಜ್ವಾಲೆ ಎದ್ದಿತು.

ಗಾಳಿ ಪಡುವಣದಿಂದ ಬೀಸುತ್ತಿತ್ತು. ಪಡುವಣದ ಪಕ್ಕದ ಮನೆಯವರು ಹಿಂದಿನ ವರ್ಷವೇ ಹೊಸ ಗೋಡೆ, ಸ್ಲ್ಯಾಬು ಮಾಡಿಸಿದ್ದರಿಂದ ಆ ಕಡೆ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಮೂಡಣದ ಎಂಟು ಮನೆಗಳದು. ಅದರಲ್ಲಿ ಮೊದಲನೆಯದು, ನಾನು ನಿಂತಿದ್ದ ಮಾಳಿಗೆಯ ಮನೆ, ಗೌರವ್ವನದು. ಅರವತ್ತು ದಾಟಿದ ಹೆಂಗಸು, ಇಂದಿಗೂ ಕುಣಿ ಮಗ್ಗದಲ್ಲಿ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕೂತು, ಸೀರೆ ನೇಯುವವಳು. ಕೆಳಗಿಳಿದು ಆಕೆಯ ಪಡಸಾಲೆಯ ಮೇಲ್ಚಾವಣಿ ನೋಡಿದೆ. ಗೋಡೆಯ ಹತ್ತಿರ ಒಂದು ತೊಲೆಯ ತುದಿಯಿಂದ ಸಣ್ಣಗೆ ಹೊಗೆ ಎಳೆ ಎಳೆಯಾಗಿ ಬರುತ್ತಿತ್ತು. ಬೆಂಕಿ ದಾಟಿಬಿಟ್ಟಿತ್ತು. ಅದೇ ಹೊತ್ತಿಗೆ ರಫೀಕ ಬಂದು ಟ್ಯಾಂಕಿನ ನೀರು ಮುಗಿಯಿತೆಂದ. ತುಂಬಿಸಿಕೊಂಡು ಬರಲು ಅರ್ಧ ತಾಸಾದರೂ ಬೇಕು.

ನಮ್ಮ ತರಬೇತಿಯಲ್ಲಿ ಇದಕ್ಕೊಂದು ಉಪಾಯವಿದೆ. ಅದನ್ನು ಫೈರ್ ಬ್ರೇಕ್ ಎನ್ನುತ್ತೇವೆ. ಬೆಂಕಿಯ ದಾರಿಯಲ್ಲಿ ಸುಡುವ ವಸ್ತುವನ್ನೇ ತೆಗೆದುಹಾಕಿ ಒಂದು ಖಾಲಿ ಜಾಗ ಮಾಡುವುದು. ಇಲ್ಲಿ ಅದರ ಅರ್ಥ, ಮುಂದಿನ ಏಳು ಮನೆ ಉಳಿಯಬೇಕಾದರೆ ಗೌರವ್ವನ ಪಡಸಾಲೆಯ ಮಾಳಿಗೆಯನ್ನು ನಾವೇ ಕೆಡವಬೇಕು. ಕಾನೂನಿನ ಪ್ರಕಾರ ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೂ ಆಕೆಯ ಮುಖ ನೋಡದೆ ಹಾರೆ ಎತ್ತಲು ನನ್ನಿಂದಾಗಲಿಲ್ಲ.

ಆಕೆ ಮಗ್ಗದ ಪಕ್ಕದಲ್ಲೇ ನಿಂತಿದ್ದಳು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ. ಇಳಕಲ್ ಸೀರೆಯಲ್ಲಿ ಒಡಲಿನ ನೂಲು ಬೇರೆ, ಸೆರಗಿನ ನೂಲು ಬೇರೆ. ಎರಡನ್ನೂ ಒಂದೊಂದೇ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಆಕೆ ಅಂದು ಬೆಳಿಗ್ಗೆಯಷ್ಟೇ ಜೋಡಿಸಿ ಮುಗಿಸಿದ್ದಳಂತೆ. ಈಗ ಬಿಚ್ಚಿದರೆ ಎಲ್ಲವೂ ಹಾಳು. ಕುಣಿ ಮಗ್ಗವನ್ನು ಹೊತ್ತೊಯ್ಯಲಂತೂ ಬರುವುದಿಲ್ಲ, ಅದರ ಗೂಟಗಳು ನೆಲದಲ್ಲಿ ಹುಗಿದಿರುತ್ತವೆ. ನಾನು ವಿಷಯ ಹೇಳಿದೆ. ಆಕೆ ಹೊಗೆಯಾಡುತ್ತಿದ್ದ ತೊಲೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಗ್ವಾಡಿ ಇಬ್ಬರದು, ಅದರ ಮಾತು ನಾ ಒಬ್ಬಾಕಿ ಹೇಳಾಕ ಬರಂಗಿಲ್ಲ. ತೊಲಿ ನನ್ನದು. ತಗೀರಿ" ಎಂದಳು. ಆಮೇಲೆ ಸ್ವಲ್ಪ ಬಿರುಸಾಗಿ, "ಆದ್ರ ನನ್ನ ಮಗ್ಗದ ಮ್ಯಾಲ ಒಂದು ಬುಟ್ಟಿ ಮಣ್ಣೂ ಬೀಳಬಾರ್ದು ನೋಡ್ರಿ. ಮ್ಯಾಲಿಂದ ಮ್ಯಾಲ ತಗದು, ಆ ಬೆಂಕ್ಯಾಗ ಹಾಕ್ರಿ" ಎಂದಳು.

ಮಾಳಿಗೆ ಕೆಡವುವುದೆಂದರೆ ಕೆಳಗಿನಿಂದ ತೊಲೆ ಎಳೆದು ಬೀಳಿಸುವುದು ಎಂದಷ್ಟೇ ನಾನು ಯೋಚಿಸಿದ್ದೆ. ಮಗ್ಗ ಉಳಿಯಬೇಕೆಂಬ ಹಟದಲ್ಲಿ ಆಕೆ ಹೇಳಿದ ಮಾತಿನೊಳಗೆ ನೀರಿಗೆ ಬದಲಿ ಇತ್ತು. ಒಣಮಣ್ಣು ಬೆಂಕಿಯ ಉಸಿರು ಕಟ್ಟಿಸುತ್ತದೆ. ಮಣ್ಣು ಬೇಕಾದಷ್ಟಿತ್ತು. ಕೊಡ ಹಿಡಿದವರು ನೀರು ಸುರಿದದ್ದು ಮಹಾಂತಪ್ಪನ ಕಡೆಗೆ, ಗೌರವ್ವನ ಕಡೆಯದು ಇನ್ನೂ ಒಣಗಿಯೇ ಇತ್ತು. ಆದರೆ ಆ ಮಣ್ಣು ಬೀಳುವುದು ಮಹಾಂತಪ್ಪನ ಮನೆಯೊಳಗೆ. ಒಳಗೆ ಉಳಿದಿದ್ದೆಲ್ಲವೂ ಹೂತುಹೋಗುತ್ತದೆ. ಅವನೂ ಒಪ್ಪಬೇಕಲ್ಲ.

ಆ ಇಬ್ಬರೂ ಎರಡು ವರ್ಷದಿಂದ ಮಾತು ಬಿಟ್ಟವರೆಂದು ನನಗೆ ಆಗಲೇ ಯಾರೋ ಕಿವಿಯಲ್ಲಿ ಹೇಳಿದರು. ಮಹಾಂತಪ್ಪನಿಗೂ ಸ್ಲ್ಯಾಬಿನ ಮನೆಯ ಆಸೆ. ಅದಕ್ಕಾಗಿ ನಡುಗೋಡೆ ತೆಗೆಯಬೇಕು. ಆ ಗೋಡೆ ತೆಗೆದರೆ ಗೌರವ್ವನ ಮಾಳಿಗೆಗೆ ಆಸರೆ ಇಲ್ಲ. ಆಕೆ ಬಿಡಲಿಲ್ಲ, ಅವನು ಮುನಿಸು ಕಟ್ಟಿಕೊಂಡ. ಈಗ ಅವನು ಓಣಿಯಲ್ಲಿ ನಿಂತು ನನ್ನ ಮಾತು ಕೇಳಿದ. "ಹಾಕ್ರಿ" ಎಂದು ಹೇಳಿ, ಗೌರವ್ವನ ಮನೆಯ ಹೊಸ್ತಿಲು ದಾಟಿ ಮೆಟ್ಟಿಲು ಹತ್ತಿದ.

ಮಗ್ಗದ ಮೇಲೆ ತಾಡಪತ್ರಿ ಹೊದಿಸಿ, ಗೌರವ್ವನೂ ಸೇರಿ ಎಲ್ಲರನ್ನೂ ಮನೆಯ ಹೊರಗೆ ಕಳುಹಿಸಿದೆ. ಮಾಳಿಗೆಯ ಮೇಲೆ ಹಾರೆ, ಗುದ್ದಲಿ ಹಿಡಿದ ಎಂಟು ಜನರನ್ನು ಗೋಡೆಗಳ ಹತ್ತಿರ ಮಾತ್ರ ನಿಲ್ಲಿಸಿದೆ. ಮಣ್ಣನ್ನು ಬೆಂಕಿಗೆ ಎಸೆಯಲು ಜನ ನಿಲ್ಲುವುದೆಲ್ಲಿ? ಮಹಾಂತಪ್ಪನ ಮಾಳಿಗೆಯ ಮೇಲೆ ಕಾಲಿಡುವಂತಿಲ್ಲ, ಗೌರವ್ವನದನ್ನು ಬಿಚ್ಚುತ್ತಿದ್ದೇವೆ. ಗಟ್ಟಿಯಾಗಿ ಉಳಿದದ್ದು ಒಂದೇ ಜಾಗ, ಎರಡೂವರೆ ಅಡಿ ಅಗಲದ ಆ ನಡುಗೋಡೆ. ಅದರ ಮೇಲೆ ಮೊದಲು ಹೋಗಿ ನಿಂತವನು ಮಹಾಂತಪ್ಪ, ಅವನ ಹಿಂದೆ ರಫೀಕ. ಬಿಸಿಗೆ ಮುಖ ಸುಡುತ್ತಿತ್ತು. ಸ್ವಲ್ಪ ಹೊತ್ತಿಗೊಮ್ಮೆ ಅವರನ್ನು ಸರಿಸಿ ಬೇರೆಯವರನ್ನು ನಿಲ್ಲಿಸಬೇಕಾಗುತ್ತಿತ್ತು. ಮಹಾಂತಪ್ಪ ಮಾತ್ರ ಸರಿಯಲಿಲ್ಲ.

ಬುಟ್ಟಿಗಳು ಬರತೊಡಗಿದವು. ಜೋಳದ ಬುಟ್ಟಿ, ರೊಟ್ಟಿಯ ಬುಟ್ಟಿ, ಹಿಟ್ಟಿನ ಡಬ್ಬಿ, ಒಂದು ತೊಟ್ಟಿಲು ಕೂಡ. ಎಂಟು ಮನೆಗಳ ಜನ ತಮ್ಮ ತಮ್ಮ ಮಾಳಿಗೆಗೆ ಹತ್ತಿ ಒಂದೇ ಸಾಲಾಗಿ ನಿಂತರು. ತುಂಬಿದ ಬುಟ್ಟಿ ಕೈಯಿಂದ ಕೈಗೆ ನಡುಗೋಡೆಯ ಕಡೆಗೆ, ಖಾಲಿಯಾದದ್ದು ವಾಪಸ್. ಗೌರವ್ವನ ಮಾಳಿಗೆಯ ಒಣಮಣ್ಣು ಸಾಲದೆ ಬಂದಾಗ ಆಚೆಯವರು ನಾನು ಹೇಳದೆಯೇ ತಮ್ಮ ತಮ್ಮ ಮಾಳಿಗೆಯ ಮಣ್ಣನ್ನೇ ಬಗೆಯತೊಡಗಿದರು. ನಾನು ಸಾಲಿನ ನಡುವೆ ನಿಂತು ಮೂಡಣಕ್ಕೆ ನೋಡಿದೆ. ಕೆಳಗಿನಿಂದ ನೋಡಿದಾಗ ಎಂಟು ಬಾಗಿಲು, ಎಂಟು ಕಟ್ಟೆ, ಎಂಟು ಹೆಸರು. ಮೇಲಿನಿಂದ ನೋಡಿದರೆ ಎಲ್ಲಿಯೂ ಗೆರೆ ಇಲ್ಲದ ಒಂದೇ ನೆಲ, ಅದರ ಮೇಲೆ ಒಂದೇ ಸಾಲು ಜನ. ಅಷ್ಟು ವರ್ಷ ನೌಕರಿ ಮಾಡಿದ್ದೆ, ಬೆಂಕಿಯ ಎದುರು ನಿಂತು ನನಗೆ ಭಯವಲ್ಲದ ಇನ್ನೊಂದು ಭಾವನೆ ಬಂದದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು, ಹೊಗೆ ಎಂದುಕೊಂಡು ಒರೆಸಿಕೊಂಡೆ.

ಮಣ್ಣು ಬಿದ್ದಂತೆ ಜ್ವಾಲೆ ಕುಗ್ಗಿತು, ಆಮೇಲೆ ಬರೀ ಹೊಗೆ. ನಾವು ಗೌರವ್ವನ ಜಂತಿಗಳನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದೆವು. ಹೊತ್ತಿಕೊಂಡಿದ್ದ ಎರಡು ತೊಲೆಗಳನ್ನು ಗೂಡಿನಿಂದ ಬಿಡಿಸಿ ಓಣಿಗೆ ಎಸೆದೆವು. ಅವಸರದಲ್ಲಿ ಜಂತಿಗಳಲ್ಲಿ ಅರ್ಧಕ್ಕರ್ಧ ಮುರಿದವು. ಗಾಡಿ ನೀರು ತುಂಬಿಸಿಕೊಂಡು ಬಂದಾಗ ಉಳಿದ ಕೆಂಡ ತಣಿಸುವ ಕೆಲಸವಷ್ಟೇ ಬಾಕಿ ಇತ್ತು. ಏಳು ಮನೆ ಉಳಿದವು. ಮಹಾಂತಪ್ಪನ ಮನೆಯಲ್ಲಿ ಗೋಡೆಗಳಷ್ಟೇ ನಿಂತಿದ್ದವು. ಗೌರವ್ವನ ಪಡಸಾಲೆಗೆ ಆಕಾಶವೇ ಮಾಳಿಗೆಯಾಯಿತು. ಆಕೆ ತಾಡಪತ್ರಿ ಸರಿಸಿ ಎಳೆಗಳ ಮೇಲೆ ಕೈಯಾಡಿಸಿ ನೋಡಿದಳು. ಹಿಡಿಯಷ್ಟು ಧೂಳು ಬಿದ್ದಿತ್ತು, ಬಾಯಿಂದ ಊದಿದಳು. ಒಂದು ಎಳೆಯೂ ಹರಿದಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ವರದಿಯ ಕೆಲಸಕ್ಕೆಂದು ಮತ್ತೆ ಆ ಓಣಿಗೆ ಹೋದೆ. ಗೌರವ್ವ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ತಲೆಯ ಮೇಲೆ ಹೊಸ ಮಾಳಿಗೆ. ಹೊಸದೆಂದರೆ ಹೊಸದಲ್ಲ. ಒಂದು ಜಂತಿ ಬಿಳಿಚಿಕೊಂಡಿದೆ, ಇನ್ನೊಂದು ಒಲೆಯ ಹೊಗೆಗೆ ಕಪ್ಪಾಗಿದೆ, ಮತ್ತೊಂದಕ್ಕೆ ಹಸಿರು ಬಣ್ಣ. ನಾನು ಮೇಲೆ ನೋಡುತ್ತಿದ್ದುದನ್ನು ಕಂಡು ಆಕೆ ಲಾಳಿ ನಿಲ್ಲಿಸಿದಳು.

"ಹಸರಂದು ನೀಲವ್ವನ ಮನಿ ಬಾಗಲ ಚೌಕಟ್ಟು ಇತ್ರಿ. ಕರೇದು ಬಸಪ್ಪಣ್ಣನ ಅಡಗಿಮನಿ ಅಟ್ಟದ್ದು. ಆ ಸಾಗವಾನಿ ನೋಡ್ರಿ, ಅದು ಕಡೀ ಮನಿಯವರು ಮಗಳ ಮಂಚಕ್ಕಂತ ಇಟ್ಟಿದ್ದು" ಎಂದು ಕೂತಲ್ಲಿಂದಲೇ ಹೇಳುತ್ತ ಹೋದಳು. ಏಳು ಮನೆಯಿಂದಲೂ ಬಂದಿದ್ದವು.

ನಡುಗೋಡೆಯ ಗೂಡಿನಲ್ಲಿ ಕೂತಿದ್ದ ದೊಡ್ಡ ತೊಲೆಯ ಮೇಲೆ ಅಲ್ಲಲ್ಲಿ ಕಪ್ಪು ಉಳಿದಿತ್ತು. ಮಹಾಂತಪ್ಪನ ಸುಟ್ಟ ಮನೆಯಲ್ಲಿ ಉಳಿದಿದ್ದ ಒಂದೇ ಒಂದು ತೊಲೆ ಅದು. ಬಾಚಿಯಿಂದ ಕೆತ್ತಿ ಮಸಿ ತೆಗೆದಿದ್ದ. ಹಿತ್ತಲಿನಿಂದ ಅವನೇ ಬಂದ. ಮನೆ ಕಟ್ಟುವವರೆಗೂ ಅವನ ಸಂಸಾರ ಗೌರವ್ವನ ಹಿಂದಿನ ಕೋಣೆಯಲ್ಲಿತ್ತು.

"ತಡೀತೈತೇನ್ರಿ ಸಾಹೇಬ್ರ ಇದು?" ಎಂದು ಕೇಳಿದ.

ಏಣಿ ಹತ್ತಿ ಸುತ್ತಿಗೆಯ ಹಿಡಿಯಿಂದ ಬಡಿದು ನೋಡಿದೆ. ದಪ್ಪ ತೊಲೆ ಹೊರಗಿನಿಂದ ಸುಟ್ಟರೂ ಆ ಇದ್ದಿಲಿನ ಪದರವೇ ಒಳಗಿನ ತಿರುಳನ್ನು ಕಾಯುತ್ತದೆ. ಸದ್ದು ಗಟ್ಟಿಯಾಗಿತ್ತು. ತಡೆಯುತ್ತದೆ ಎಂದೆ. "ಮತ್ತ ನಿನ್ನ ಸ್ಲ್ಯಾಬು?"

"ಹಿಂದಿನ ಭಾಗಕ್ಕ ಹಾಕಸ್ತೇನ್ರಿ. ಈ ಗ್ವಾಡಿಗೆ ಕೈ ಹಚ್ಚಂಗಿಲ್ಲ. ಅವತ್ತು ಇದರ ಮ್ಯಾಲ ನಿಂತೇನಲ್ರಿ" ಎಂದ.

"ಎರಡು ವರ್ಷ ಮಾತು ಬಿಟ್ಟಿದ್ದ" ಎಂದಳು ಗೌರವ್ವ ಲಾಳಿ ಎಸೆಯುತ್ತ. "ಈಗ ಬಾಯಿ ಮುಚ್ಚು ಅಂದ್ರೂ ಮುಚ್ಚಂಗಿಲ್ಲ."

ಬೆಂಕಿ ಎಲ್ಲಿಂದ ದಾಟುತ್ತದೆ ಎಂದು ಹುಡುಕುವುದೇ ನನ್ನ ಕೆಲಸವಾಗಿತ್ತು. ಮನೆ ಮನೆಯನ್ನು ಮುಟ್ಟಿದ ಕಡೆಯಲ್ಲೆಲ್ಲ ನನಗೆ ಅಪಾಯವೇ ಕಾಣುತ್ತಿತ್ತು, ಅದು ಸುಳ್ಳೂ ಅಲ್ಲ. ವೈರಿಂಗು ಸರಿಪಡಿಸಿಕೊಳ್ಳಿ, ನೂಲನ್ನು ಪಡಸಾಲೆಯಲ್ಲಿ ಒಟ್ಟಬೇಡಿ ಎಂದು ಅಂದೂ ಆ ಓಣಿಯವರಿಗೆ ಹೇಳಿಯೇ ಬಂದೆ. ಆದರೆ ಬೆಂಕಿ ದಾಟಿದ ಆ ಮಾಳಿಗೆಯ ಮೇಲಿಂದಲೇ, ಗಾಡಿ ಬರಲಾಗದ ಕಡೆಗೆ, ಎಂಟು ಮನೆಯ ಜನ ದಾಟಿ ಬಂದಿದ್ದರು. ಸಾಲುಮನೆ ಎಂದರೆ ಜಾಗ ಇಲ್ಲದವರ ಕಟ್ಟಡ ಎಂದುಕೊಂಡಿದ್ದೆ. ಒಬ್ಬರ ಭಾರವನ್ನು ಇನ್ನೊಬ್ಬರು ಹೊರುತ್ತೇವೆಂದು ಒಪ್ಪಿಕೊಂಡವರ ಕಟ್ಟಡ ಅದು ಎಂದು ಆ ಓಣಿ ನನಗೆ ಕಲಿಸಿತು.

ನಿವೃತ್ತನಾಗಿ ನವನಗರಕ್ಕೆ ಬಂದ ಮೇಲೆ ಮಾಡಿದ ಮೊದಲ ಕೆಲಸವೆಂದರೆ, ಪಕ್ಕದ ಮನೆಯವರನ್ನು ಕೇಳಿ, ಇಬ್ಬರ ನಡುವಿನ ಕಂಪೌಂಡ್ ಒಡೆಸಿ ಒಂದು ಸಣ್ಣ ಬಾಗಿಲು ಇಡಿಸಿದ್ದು. ಗವಂಡಿ ಚೌಕಟ್ಟು ನಿಲ್ಲಿಸುವಾಗ ಹೆಂಡತಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದಳು.

"ಏನ್ರಿ ಇದು, ಬೆಂಕಿ ದಾಟಾಕ ದಾರಿ ಮಾಡಾಕತ್ತೀರೇನು?" ಎಂದಳು.

"ಮಂದಿ ದಾಟಾಕ" ಎಂದೆ.

ಆಕೆ ಒಳಗೆ ಹೋಗಿ ಒಂದು ವಾಟಗ ಹಿಡಿದುಕೊಂಡು ಬಂದಳು. ಇನ್ನೂ ಸಿಮೆಂಟು ಆರದ ಆ ಬಾಗಿಲಿನಲ್ಲಿ ಸೆರಗು ಎತ್ತಿಕೊಂಡು ದಾಟಿ, ಬರಿಗಾಲಲ್ಲೇ ಸಕ್ಕರೆ ಕೇಳಲು ಹೋದಳು. ನಮ್ಮ ಮನೆಯಲ್ಲಿ ಅಂದು ಸಕ್ಕರೆ ಇತ್ತು.