ಹಲಗೆಯ ಅಂಚಿನಲ್ಲಿ ಗಂಗವ್ವನ ಮನೆ

ರೊಟ್ಟಿ ಬಡಿದ ಕೈಯಲ್ಲೇ ಬೀರುವಿನ ಕನ್ನಡಿ ಮುಟ್ಟುವುದು, ಆಮೇಲೆ ನನ್ನನ್ನೇ ಬೈದುಕೊಳ್ಳುತ್ತ ಅದನ್ನು ಒರೆಸುವುದು, ನನ್ನ ಪ್ರಾತಃಕಾಲದ ನಿತ್ಯವಿಧಿ. ಗಾಜು ಕಂಡರೆ ಕೈ ಹಿಂದೆ ಕಟ್ಟಿಕೊಳ್ಳಬೇಕೆಂದು ಕಾನ್ವೆಂಟಿನ ಸಿಸ್ಟರು ಕಲಿಸಿದ್ದರು. ಇಂಗ್ಲಿಷು ಮರೆತರೂ ಆ ಭಯ ಉಳಿದಿದೆ.

ಆ ಬೆಳಗ್ಗೆಯೂ ಕನ್ನಡಿ ಒರೆಸಿ, ಓಣಿಯ ಹೆಂಗಸರ ಜೊತೆ ನಮ್ಮೂರು ಕುಕನೂರಿನ ಶಾಲೆಗೆ ಹೋದೆ. ಓಣಿಗೆ ಬರಲಿದ್ದ ಒಂದೇ ಒಂದು ನಳವನ್ನು ಎಲ್ಲಿ ಹಾಕಿಸಬೇಕೆಂದು ನಾವೇ ನಿಶ್ಚಯಿಸಬೇಕಿತ್ತು. ಇಂಥ ಸಭೆಗಳಲ್ಲಿ ದೊಡ್ಡ ದನಿಯ ಮನೆ ಮುಂದೆಯೇ ನೀರು ಹರಿಯುತ್ತದೆ. ಓಣಿಯ ಕೊನೆಯ ಮನೆಯ ಗಂಗವ್ವನಿಗೋ ದನಿ ಸಣ್ಣದು, ಮೊಣಕಾಲು ನೋವು ದೊಡ್ಡದು.

ಶಾಲೆಗೆ ಹೊಸದಾಗಿ ಬಂದಿದ್ದ, ಕದದಷ್ಟು ದೊಡ್ಡ ಟಚ್‌ಸ್ಕ್ರೀನ್ ಹಲಗೆಯ ಮೇಲೆ ಓಣಿಯ ನಕ್ಷೆ ಬರೆಯಿರೆಂದರು ಟೀಚರ್. ಎಷ್ಟು ಜನ ಒಟ್ಟಿಗೆ ಬೆರಳಿಟ್ಟರೂ ಅದು ಬೇಸರಿಸುವುದಿಲ್ಲವಂತೆ. ಅಂಥ ಸಹನೆ ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಸಿದ್ಧಿಸಿಲ್ಲ. ಗುಡಿ ಪಕ್ಕದ ಮನೆಯ ಕಾಶವ್ವ ಗುಡಿಯಿಂದಲೇ ಆರಂಭಿಸಿದಳು. ಒಬ್ಬೊಬ್ಬರೂ ತಮ್ಮ ಮನೆಯನ್ನು ಧಾರಾಳವಾಗಿ ಬೆಳೆಸುತ್ತ ಹೋದಂತೆ ಹಲಗೆಯೇ ಮುಗಿದು, ಗಂಗವ್ವನ ಮನೆಗೆ ಜಾಗವಿಲ್ಲದಾಯಿತು. ಚಿತ್ರದ ನಡುವೆ ನಳವಿರಲಿ ಎಂದರು ಎಲ್ಲರೂ. ಓಣಿಯ ಆ ತುದಿ ಚಿತ್ರದಲ್ಲೇ ಇಲ್ಲವಾದ್ದರಿಂದ ಆ ನಡುವು ಗುಡಿಗೇ ಹತ್ತಿರ. ನಾನು ಕೈಯಷ್ಟೇ ಅಲ್ಲ, ಬಾಯಿಯನ್ನೂ ಕಟ್ಟಿಕೊಂಡು ನಿಂತಿದ್ದೆ.

"ನೀನೂ ಒಂದ ಗೆರಿ ಎಳಿ ಬಾ, ಗಂಗವ್ವಾ," ಎಂದಳು ಕಾಶವ್ವ.

ಗಂಗವ್ವ ಎದ್ದು ಬಂದಳು. ಗುಡಿ ಕಂಡ ಮೇಲೆ ನಮಸ್ಕರಿಸದಿರುವುದುಂಟೆ? ಎರಡೂ ಅಂಗೈಗಳಿಂದ ಅದನ್ನು ಸವರಿ ಕಣ್ಣಿಗೊತ್ತಿಕೊಂಡಳು. ಅಂಗೈ ಆಡಿಸಿದರೆ ಅಳಿಸು ಎಂಬ ಅಪ್ಪಣೆಯೆಂದು ತಿಳಿಯುವುದು ಆ ಹಲಗೆಯ ಜಾಯಮಾನ.

"ಅಯ್ಯಯ್ಯ, ದೇವ್ರನ್ನ ಒರಿಸಿ ಒಗದ್ಯಲ್ಲವಾ! ನನ್ನ ಮನೀನೂ ಹೋತು!" ಎಂದು ಕೂಗಿದಳು ಕಾಶವ್ವ.

"ಬರೇ ಕೈ ಮುಗದೇನವಾ ನಾ," ಎಂದು ಗಂಗವ್ವ ಮುದುಡಿದಳು.

ನಗುತ್ತಲೇ ಟೀಚರ್ ಉಳಿದದ್ದನ್ನೂ ಅಳಿಸಿದರು. ಖಾಲಿ ಹಲಗೆ ನನಗೆ ಧೈರ್ಯ ಕೊಟ್ಟಿತೋ ಏನೋ, "ಈ ಸಲ ಗಂಗವ್ವನ ಮನಿಯಿಂದ ಶುರು ಮಾಡೂಣ್ರಿ," ಎಂದುಬಿಟ್ಟೆ. ಎಲ್ಲಿಂದ ಬರೆಯತೊಡಗುತ್ತೇವೋ ಅದರ ಮೇಲೆ ಯಾರು ಅಂಚಿನಾಚೆ ಬೀಳುತ್ತಾರೆಂಬುದು ನಿಂತಿರುತ್ತದಲ್ಲವೆ?

ಗಂಗವ್ವ ತನ್ನ ಬಾಗಿಲು ಬರೆದಳು. ನೀರು ತರುವಾಗ ತಾನು ಕೊಡ ಇಳಿಸಿ ಕೂರುವ ಕಟ್ಟೆಗಳನ್ನೂ ಬರೆದಳು. ಉಳಿದವರು ಈಗ ಸಣ್ಣ ಸಣ್ಣ ಮನೆ ಕಟ್ಟಿಕೊಂಡರು. ಗುಡಿಯವರೆಗೂ ಓಣಿ ಹಿಡಿಸಿತು.

ಕಾಶವ್ವ ಕಟ್ಟೆಗಳನ್ನೇ ನೋಡುತ್ತ, "ಇಷ್ಟ ಕಡೆ ಕುಂದರತಿಯೇನ ನೀ?" ಎಂದಳು. ಆಮೇಲೆ ಓಣಿಯ ನಟ್ಟನಡುವೆ, ತನ್ನ ಮನೆಯಿಂದ ಸಾಕಷ್ಟು ದೂರದಲ್ಲಿ, ತಾನೇ ನಳದ ಚುಕ್ಕೆ ಇಟ್ಟಳು.

ಸಂಜೆ ಹಾಲಿಗೆ ಹೆಪ್ಪು ಕೇಳಲು ಬಂದವಳಿಗೆ, "ನಿಮಗ ನಳ ದೂರ ಆತಲ್ಲ ಕಾಶವ್ವ," ಎಂದೆ.

"ಆಗ್ಲಿ ಬಿಡ್ರಿ ಅಕ್ಕಾರ," ಎಂದಳು, ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತ. "ಮನಿ ಮುಂದ ಇದ್ದಿದ್ರ, ನಾ ಯಾರ ಜೋಡಿ ಎಷ್ಟೊತ್ತು ಮಾತಾಡತೇನಂತ ನಮ್ಮತ್ತಿ ಬಾಗಲದಾಗ ಕುಂತು ನೋಡತಿದ್ಲು."