ಬಂದರಿನ ಆಕಾಶವನ್ನು ಹಂಚಿಕೊಟ್ಟವರು

ರೇಡಾರ್ ಎಂದರೆ ದೂರದ್ದನ್ನು ಕಾಣುವ ಯಂತ್ರವೆಂದಷ್ಟೇ ತಿಳಿದಿದ್ದ ನಮ್ಮ ತಲೆಮಾರಿಗೆ, ಅದು ನೆರೆಹೊರೆಯೊಡನೆ ಹೊಂದಿಕೊಂಡು ಬಾಳಲೂ ಬೇಕೆಂದು ತೋರಿಸಿಕೊಟ್ಟ ಮೊದಲಿಗರಲ್ಲಿ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ, ನಾವೆಲ್ಲ ಅಕ್ಕರೆಯಿಂದ ‘ದೊಡ್ಡಮ್ಮ’ ಎಂದು ಕರೆಯುವ ಹಿರಿಯರು ಒಬ್ಬರು. ಮೊಬೈಲು, ವಿಮಾನ, ಹಡಗುಗಳೆಲ್ಲ ರೇಡಿಯೊ ಅಲೆಗಳ ಒಂದೇ ಓಣಿಯಲ್ಲಿ ನೂಕುನುಗ್ಗಲು ನಡೆಸಿರುವ ಈ ಕಾಲದಲ್ಲಿ, ಯಾರ ಮಾತಿಗೂ ಅಡ್ಡಬಾರದ ರೇಡಾರ್ ಸಂಕೇತಗಳನ್ನು ರೂಪಿಸಿದ್ದು ಅವರ ಜೀವಮಾನದ ಸಾಧನೆ.

ಅವರ ಬಳಿ ಸಂಶೋಧನೆಗೆ ಸೇರಲು ಬಂದಾಗ ನನಗೆ ವಿಪರೀತ ತೊದಲು. ಸಂದರ್ಶನದಲ್ಲಿ ನನ್ನ ವಾಕ್ಯವನ್ನು ಇನ್ನೊಬ್ಬ ಪ್ರಾಧ್ಯಾಪಕರು ತಾವೇ ಮುಗಿಸಲು ಹೊರಟರು. “ಅವರ ಮಾತು ಅವರೇ ಮುಗಿಸ್ಲಿ ಬಿಡಿ, ನಮಗೇನೂ ರೈಲು ತಪ್ಪಿಹೋಗಲ್ಲ,” ಎಂದರು ದೊಡ್ಡಮ್ಮ. ಅಂದು ಸಿಕ್ಕ ಆ ಬಿಡುವೇ ನನ್ನನ್ನು ಈ ವಿದ್ಯೆಗೆ ಕರೆತಂದಿತು.

ಬಂದರಿನ ಹಿಂದಿನ ಗುಡ್ಡದ ಹವಾಮಾನ ರೇಡಾರಿನ ಪ್ರಕರಣ ಎದುರಾದದ್ದು ಆಮೇಲೆ. ಊರಿಗೆ ಹೊಸ ಮೊಬೈಲ್ ಸೇವೆ ಬಂದ ಮೇಲೆ, ರೇಡಾರ್ ಊರಿನತ್ತ ಮುಖ ಮಾಡಿದಾಗಲೆಲ್ಲ ಕರೆಗಳು ಕಡಿಯತೊಡಗಿದವು. ಆಂಬುಲೆನ್ಸ್ ಚಾಲಕನೊಬ್ಬ ಅರ್ಧ ವಿಳಾಸ ಕೇಳಿಸಿಕೊಂಡು ಬೀದಿ ಬೀದಿ ಸುತ್ತಿದ. ರೇಡಾರ್ ನಿಲ್ಲಿಸಿದರೆ ಕಡಲಿಗಿಳಿದ ದೋಣಿಗಳಿಗೆ ಬಿರುಗಾಳಿಯ ಸುಳಿವಿಲ್ಲ. ನಿಲ್ಲಿಸದಿದ್ದರೆ ಊರಿಗೆ ಫೋನಿಲ್ಲ. ಅತ್ತ ದರಿ, ಇತ್ತ ಪುಲಿ.

“ರೇಡಾರ್ ಬಂದ್ ಮಾಡಿಬಿಡಿ ಮೇಡಂ, ನಮ್ಮ ಗ್ರಾಹಕರು ಸುಮ್ನಿರಲ್ಲ,” ಎಂದರು ಮೊಬೈಲ್ ಕಂಪನಿಯ ಎಂಜಿನಿಯರ್.

“ದೋಣಿಯಲ್ಲಿರೋರೂ ನಿಮ್ಮ ಗ್ರಾಹಕರೇ ಅಲ್ವಾ? ಬದುಕಿದ್ರೆ ತಾನೇ ಫೋನ್ ಮಾಡೋದು? ಮಳೆಗಾಲದವರೆಗೆ ಅವಕಾಶ ಕೊಡಿ,” ಎಂದರು ದೊಡ್ಡಮ್ಮ.

ಕಂಪನಿ ಬಳಸುವ ಅಲೆಗಳಷ್ಟನ್ನೂ ಖಾಲಿ ಬಿಟ್ಟು, ಉಳಿದವುಗಳಲ್ಲೇ ರೇಡಾರ್ ನೋಡಬೇಕೆಂಬುದು ಅವರ ಯೋಜನೆ. ಹಾಗೆ ಜಾಗ ಬಿಟ್ಟರೆ ರೇಡಾರಿನ ತೆರೆಯ ಮೇಲೆ ಇಲ್ಲದ ಮೋಡಗಳ ನೆರಳು ಮೂಡಿ, ಇರುವ ಸಣ್ಣ ಸುಂಟರಗಾಳಿ ಮರೆಯಾಗುವ ಅಪಾಯವಿತ್ತು. ಸಂಕೇತದ ಏರಿಳಿತಗಳನ್ನು ತಿದ್ದಿ ತಿದ್ದಿ ಅವರು ಆ ನೆರಳನ್ನು ಅಳಿಸಿದರು. ಆದರೂ ಮೊದಲ ಪರೀಕ್ಷೆಯಲ್ಲಿ ಫೋನುಗಳು ಕರಕರ ಎಂದವು. ನಾವು ತಲೆ ಮೇಲೆ ಕೈಹೊತ್ತು ಕುಳಿತೆವು. ದೊಡ್ಡಮ್ಮ ಮಾತ್ರ ಅಳೆಯುವ ಉಪಕರಣ ಹಿಡಿದು ಗುಡ್ಡ ಹತ್ತಿದರು. ಕಂಪ್ಯೂಟರಿನಲ್ಲಿ ಖಾಲಿಯಿದ್ದ ಜಾಗ, ಸಂಕೇತಕ್ಕೆ ಬಲ ತುಂಬುವ ಆಂಪ್ಲಿಫೈಯರನ್ನು ದಾಟುವಷ್ಟರಲ್ಲಿ ಮತ್ತೆ ತುಂಬಿಕೊಳ್ಳುತ್ತಿತ್ತು. “ಯಂತ್ರದ ಓರೆಕೋರೆ ನೋಡಿಕೊಂಡೇ ಅಂಗಿ ಹೊಲೀಬೇಕು,” ಎಂದವರೇ, ಆ ಆಂಪ್ಲಿಫೈಯರಿನ ದೋಷಕ್ಕೆ ತಕ್ಕಂತೆ ಇಡೀ ಸಂಕೇತವನ್ನು ಹೊಸದಾಗಿ ಹೆಣೆದರು. ಮನೆಯಲ್ಲಿ ಅವರ ಅತ್ತೆ, “ಮಾತು ಕಲಿಸೋರು ಬೇಕಾದಷ್ಟು ಜನ, ಯಂತ್ರಕ್ಕೆ ಸುಮ್ನಿರೋದು ಕಲಿಸೋಳು ನನ್ನ ಸೊಸೆ ಒಬ್ಳೇ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದರಂತೆ.

ಎರಡನೆಯ ಪರೀಕ್ಷೆಯ ಮಧ್ಯಾಹ್ನ ಕಂಪನಿಯ ಎಂಜಿನಿಯರ್ ನಿಯಂತ್ರಣ ಕೊಠಡಿಯಲ್ಲೇ ಕುಳಿತು ತಮ್ಮ ಹೆಂಡತಿಗೆ ಫೋನ್ ಹಚ್ಚಿದರು. ರೇಡಾರ್ ಸುತ್ತುತ್ತಲೇ ಇತ್ತು, ಕರೆ ಕಡಿಯಲಿಲ್ಲ. “ಇವತ್ತು ಇಷ್ಟೊತ್ತು ಮಾತಾಡ್ತಿದೀರಲ್ಲ, ಹುಷಾರಾಗಿದೀರಾ?” ಎಂದು ಆಕೆ ಕೇಳಿದ್ದು ನಮಗೆಲ್ಲ ಸ್ಪಷ್ಟವಾಗಿ ಕೇಳಿಸಿತು. ನಗು ಅಡಗುವ ಮುನ್ನವೇ ತೆರೆಯ ಮೇಲೆ, ದೊಡ್ಡ ಮಳೆಮೋಡದ ಪಕ್ಕದಲ್ಲಿ, ಸಣ್ಣದೊಂದು ಸುಳಿ ಕಾಣಿಸಿತು. ನಿಜವಾದ ಬಿರುಗಾಳಿ, ದೋಣಿಗಳತ್ತಲೇ ಹೊರಟಿತ್ತು. ಎಂಜಿನಿಯರ್ ಹೆಂಡತಿಯೊಡನೆ ಮಾತು ಅಲ್ಲಿಗೇ ಮುಗಿಸಿ, ತಮ್ಮದೇ ಕಂಪನಿಯ ಮೂಲಕ ಒಂದೊಂದು ದೋಣಿಗೂ ಎಚ್ಚರಿಕೆ ಕಳಿಸಿದರು. ಸಂಜೆಯ ಹೊತ್ತಿಗೆ ಕಡೆಯ ದೋಣಿಯೂ ದಡ ಸೇರಿತು. ಆಮೇಲೆ ಎದ್ದ ಗಾಳಿಗೆ ಕಟ್ಟಿ ನಿಲ್ಲಿಸಿದ್ದ ದೋಣಿಗಳೇ ಮಗುಚಿದವು. ಒಂದು ಜೀವವೂ ಹೋಗಲಿಲ್ಲ. ದೊಡ್ಡಮ್ಮ ಕಿಟಕಿಯ ಬಳಿ ನಿಂತು ಕಣ್ಣೊರೆಸಿಕೊಂಡರು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಇಂದು ಕರಾವಳಿಯುದ್ದಕ್ಕೂ ರೇಡಾರುಗಳು ಅವರ ಸಂಕೇತವನ್ನೇ ಬಿತ್ತರಿಸುತ್ತಿವೆ. ರಸ್ತೆಯಲ್ಲಿ ಸಾವಿರಾರು ಕಾರುಗಳ ಪುಟ್ಟ ರೇಡಾರುಗಳು ಒಂದಕ್ಕೊಂದು ಅಡ್ಡಿಯಾಗದಂತೆ ಮಾಡುವ ಹೊಸ ಕೆಲಸವನ್ನು ಅವರು ಆಗಲೇ ಕೈಗೆತ್ತಿಕೊಂಡಿದ್ದಾರೆ. ಈಗ ನಿವೃತ್ತರಾಗುತ್ತಿದ್ದರೂ ಅದು ಕಾಗದದ ಮೇಲಷ್ಟೇ. ದೊಡ್ಡಮ್ಮನವರ ಆಯುಸ್ಸು ದೀರ್ಘವಾಗಲಿ. ಅವರ ಕೆಲಸದ ಆಯುಸ್ಸು ಅದಕ್ಕಿಂತಲೂ ದೀರ್ಘವಾಗಲಿ.